ಗಾಲ್ಫಣ್ಣ ಬರೆಯದ ಎರಡು ವಾಕ್ಯ

ಗಾಲ್ಫಣ್ಣನ ಉತ್ತರಕ್ರಿಯೆಯ ಕಾರ್ಡಿಗೆ ಫೋಟೋ ಬೇಕೆಂದಾಗ ಅವರ ಅಕ್ಕ ಮೂರು ಫೋಟೋ ತಂದುಕೊಟ್ಟರು. ಮೂರರಲ್ಲೂ ಅವರು ನಿಂತಿದ್ದರು. ಒಂದರಲ್ಲಂತೂ ಯಾರದೋ ಮದುವೆಯ ಊಟ. ಸಾಲಿನಲ್ಲಿ ಎಲ್ಲರೂ ಕುಳಿತು ಉಣ್ಣುತ್ತಿದ್ದರೆ ಇವರೊಬ್ಬರು ಗೋಡೆಗೆ ಭುಜ ತಾಗಿಸಿ, ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದುಕೊಂಡಿದ್ದರು.

"ಕೂತದ್ದು ಒಂದೂ ಇಲ್ವಾ ಅಕ್ಕ?" ಎಂದು ಕೇಳಿದೆ.

"ಅವ ಕೂತದ್ದು ನಾನೇ ನೋಡ್ಲಿಲ್ಲ. ಫೋಟೋದವನಿಗೆ ಎಲ್ಲಿಂದ ಸಿಗ್ಬೇಕು?" ಎಂದರು ಅಕ್ಕ. ಕಾಪು ಪೇಟೆಯಲ್ಲಿ ಮೀನು ಮಾರುವ ಹೆಂಗಸು. ಆ ದಿನ ಬುಟ್ಟಿಯನ್ನು ಮನೆಯಲ್ಲಿ ಬಿಟ್ಟು, ಕೈಯನ್ನು ಎರಡು ಸಲ ಸಾಬೂನಿನಲ್ಲಿ ತೊಳೆದುಕೊಂಡು, ಆದಿ ಉಡುಪಿಯ ನಮ್ಮ ಮುದ್ರಣಾಲಯಕ್ಕೆ ಬಂದಿದ್ದರು. ನಾನು ಈಗ ಅಲ್ಲಿ ಮದುವೆ, ಗೃಹಪ್ರವೇಶ, ಇಲ್ಲಿಯವರು ಬೊಜ್ಜ ಎನ್ನುವ ಉತ್ತರಕ್ರಿಯೆಯ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವಳು. ಅದಕ್ಕೆ ಮೊದಲು ಆರು ವರ್ಷ ಉಡುಪಿಯ ಒಂದು ಸಂಜೆ ಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದೆ. ಆ ಪತ್ರಿಕೆ ಈಗ ಇಲ್ಲ. ಅದರ ಕ್ರೀಡಾಪುಟ ನೋಡಿಕೊಳ್ಳುತ್ತಿದ್ದವರು ಇವರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಕೆಳಗೆ ಒಮ್ಮೆ ನಾನು ಮಾಡಿದ್ದು ಸಾಕು.

ಕಚೇರಿಯಲ್ಲಿ ಎಲ್ಲರಿಗೂ ಅವರು ಗಾಲ್ಫಣ್ಣ. ಹೊರಗಿನವರ ಕಿವಿಗೆ ಅದು ಗಲ್ಫಣ್ಣ ಎಂದು ಬೀಳುತ್ತಿತ್ತು. ದುಬೈಯಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ವಿಚಾರಿಸುತ್ತಿದ್ದರು. ಅವರು ತಿದ್ದಲು ಹೋಗುತ್ತಿರಲಿಲ್ಲ. "ಇದ್ದೆ, ಸ್ವಲ್ಪ ಸಮಯ" ಎನ್ನುತ್ತಿದ್ದರು. ಯಾಕೆ ಹಾಗೆ ಹೇಳುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಪಾಪ, ಕೇಳಿದವನಿಗೆ ಬೇಜಾರಾಗ್ತದೆ ಮಾರಾಯ್ತಿ" ಎಂದಿದ್ದರು.

ನಿಜದಲ್ಲಿ ಅವರು ಹೋದದ್ದು ಮುಂಬಯಿಗೆ. ಹನ್ನೆರಡನೇ ವಯಸ್ಸಿನಲ್ಲಿ, ಸೋದರಮಾವನ ಜೊತೆ, ಹೋಟೆಲ್ ಕೆಲಸಕ್ಕೆ. ಹೋಟೆಲಿನಿಂದ ಒಂದು ಗಾಲ್ಫ್ ಕ್ಲಬ್ಬಿನ ಅಡುಗೆಮನೆಗೆ, ಅಡುಗೆಮನೆಯಿಂದ ಮೈದಾನಕ್ಕೆ. ಆಟಗಾರನ ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹದಿನೆಂಟು ಕುಳಿಗಳ ಉದ್ದಕ್ಕೂ ಹಿಂದೆ ನಡೆಯುವವನಿಗೆ ಕ್ಯಾಡಿ ಎನ್ನುತ್ತಾರೆ. ಹನ್ನೊಂದು ವರ್ಷ ಕ್ಯಾಡಿಯಾಗಿದ್ದರು. ಸೋಮವಾರ ಕ್ಲಬ್ಬಿಗೆ ರಜೆ, ಆ ದಿನ ಕ್ಯಾಡಿಗಳು ಆಡಬಹುದಿತ್ತು. ಬರೀ ಸೋಮವಾರಗಳಲ್ಲಿ ಕಲಿತ ಆಟದಿಂದ ಅವರು ವೃತ್ತಿಪರ ಆಟಗಾರರಾದರು. ದೇಶದೊಳಗಿನ ಟೂರ್ನಿಗಳಲ್ಲಿ ಎರಡು ವರ್ಷ ಆಡಿದರು. ಎರಡನೇ ವರ್ಷದ ನಡುವೆ ಸೊಂಟ ಹೋಯಿತು.

"ಯಾರೂ ಹೇಳ್ಲಿಲ್ವಾ ಸರ್, ನಿಲ್ಲಿಸು ಅಂತ?"

"ಯಾರೂ ಹೇಳ್ಲಿಲ್ಲ. ಹೇಳಿದ್ರೆ ಕೇಳ್ತಿದ್ದೆ ಅಂತ ನಾನು ಹೇಳುದಿಲ್ಲ."

ಊರಿಗೆ ಬಂದವರಿಗೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಹತ್ತು ನಿಮಿಷ ಕುಳಿತರೆ ಬಲಗಾಲಿಗೆ ಬೆಂಕಿ ಇಟ್ಟಂತಾಗುತ್ತದೆ ಎನ್ನುತ್ತಿದ್ದರು. ಹಾಗಾಗಿ ಕಚೇರಿಯಲ್ಲಿ ಹಳೆಯ ಸಂಚಿಕೆಗಳ ಕಪಾಟಿನ ಮೇಲೆ ಕಾಗದ ಇಟ್ಟು ನಿಂತೇ ಬರೆಯುತ್ತಿದ್ದರು. ಕಾಪುವಿನಿಂದ ಉಡುಪಿಗೆ ಬರುವ ಬಸ್ಸು ಖಾಲಿ ಇದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದರು. ಕಂಡಕ್ಟರುಗಳು ಮೊದಮೊದಲು ಗದರುತ್ತಿದ್ದರಂತೆ, ಆಮೇಲೆ ಸುಮ್ಮನಾದರಂತೆ.

ನನ್ನಪ್ಪ ಬಾದಾಮಿ ಕಡೆಯವನು. ಮಣಿಪಾಲದ ಕಟ್ಟಡಗಳಿಗೆ ಗಾರೆ ಕೆಲಸಕ್ಕೆಂದು ಬಂದವನು. ನಾನು ಇಲ್ಲಿಯೇ ಶೆಡ್ಡಿನಲ್ಲಿ ಬೆಳೆದು, ಇಲ್ಲಿಯೇ ಶಾಲೆಗೆ ಹೋದವಳು. ಮನೆಯಲ್ಲಿ ತುಳು ಮಾತಾಡುವ ಗಾಲ್ಫಣ್ಣ ಕನ್ನಡವನ್ನು ಪುಸ್ತಕದಿಂದ ಕಲಿತವರು. ನನ್ನದು ಅಮ್ಮನ ಕನ್ನಡ. "ನಿನ್ನ ಕನ್ನಡ ನಿನ್ನದೇ ಮನೆಯದ್ದು, ನನ್ನದು ಬಾಡಿಗೆಯದ್ದು. ಬಾಡಿಗೆ ಮನೆಯವನು ಗೋಡೆಗೆ ಮೊಳೆ ಹೊಡೆಯುವಾಗ ಹೆದರ್ತಾನೆ, ಗೊತ್ತುಂಟಲ್ಲ?" ಎನ್ನುತ್ತಿದ್ದರು. ಅಷ್ಟು ಎಚ್ಚರದಿಂದ ಬರೆಯುತ್ತಿದ್ದರು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಪ್ರತಿ ಜನವರಿಯ ಮೊದಲ ಶನಿವಾರ ಅವರ ಲೇಖನ ಅರ್ಧ ಪುಟ ಬರುತ್ತಿತ್ತು. 'ಈ ವರ್ಷದ ಗಾಲ್ಫ್'. ಕಂಬಳದ ಫಲಿತಾಂಶದ ಪಕ್ಕದಲ್ಲಿ, ಆಗಷ್ಟೇ ಶುರುವಾಗಲಿರುವ ವೃತ್ತಿಪರ ಗಾಲ್ಫ್ ಋತುವಿನ ಮುನ್ನೋಟ. ಜಿಲ್ಲೆಯಲ್ಲಿ ಗಾಲ್ಫ್ ಆಡುವ ಜಾಗವೇ ಇರಲಿಲ್ಲ. ಆದರೆ ಪತ್ರಿಕೆಯ ಮಾಲೀಕರು ಭಾನುವಾರ ಕಾರಿನಲ್ಲಿ ಮಂಗಳೂರಿನ ಕಡೆ ಹೋಗಿ ಆಡಿ ಬರುತ್ತಿದ್ದರು, ಅವರಿಗೆ ಅದು ಬೇಕಿತ್ತು. "ಇದನ್ನು ಓದುವವರು ಯಾರು ಸರ್?" ಎಂದು ನಾನು ಕೇಳಿದ್ದೆ.

"ಮೂವರು. ಮಾಲೀಕರು, ಪ್ರೂಫ್ ನೋಡುವವ, ನೀನು. ನೀನು ಸರಿಯಾಗಿ ಓದುದಿಲ್ಲ."

ಬೇರೆಯವರ ಮುನ್ನೋಟದಲ್ಲಿ ಯಾರು ಗೆಲ್ಲುತ್ತಾರೆ ಎಂದಿರುತ್ತದೆ. ಇವರು ಯಾರು ನಡುವೆಯೇ ಆಟ ನಿಲ್ಲಿಸುತ್ತಾರೆ ಎಂದು ಬರೆಯುತ್ತಿದ್ದರು. ಕಚೇರಿಯ ಟಿವಿಯಲ್ಲಿ ಟೂರ್ನಿ ಬಂದರೆ ದನಿ ಮುಚ್ಚಿ ನೋಡುತ್ತಿದ್ದರು. "ಚೆಂಡು ಎಲ್ಲಿಗೆ ಹೋಗ್ತದೆ ಅಂತ ಇಡೀ ಲೋಕ ನೋಡ್ತದೆ. ಹೊಡೆದ ಮೇಲೆ ಆ ಮನುಷ್ಯ ಕಾಲನ್ನು ಎಲ್ಲಿ ಇಡ್ತಾನೆ ನೋಡು." ಅವರದೊಂದು ಉದ್ದನೆಯ ನೋಟ್ ಪುಸ್ತಕ ಇತ್ತು. ಎಡಕ್ಕೆ ಆಟಗಾರರ ಹೆಸರು, ಬಲಕ್ಕೆ ಒಂದೊಂದೇ ಪದ: ಸೊಂಟ, ಎಡ ಮಣಿಕಟ್ಟು, ಮಂಡಿ. ಕೆಲವರ ಮುಂದೆ 'ಮನೆ' ಎಂದಿರುತ್ತಿತ್ತು. ಒಂದು ವರ್ಷ ಎಲ್ಲರೂ ಹೊಗಳುತ್ತಿದ್ದ ಹೊರದೇಶದ ಆಟಗಾರನೊಬ್ಬನ ಮುಂದೆ ಆ ಪದ ಇತ್ತು. ಏಪ್ರಿಲ್ ಬರುವ ಮೊದಲೇ ಇವ ಆಟ ನಿಲ್ಲಿಸುತ್ತಾನೆ ಎಂದು ಬರೆದರು. ಮಾರ್ಚಿನಲ್ಲಿ ಅವನು ಸಂಸಾರದ ಕಾರಣ ಕೊಟ್ಟು ಆಟ ಬಿಟ್ಟ.

"ಟಿವಿಯಲ್ಲಿ ಮನೆ ಎಲ್ಲಿ ಕಾಣ್ತದೆ ಸರ್?"

"ಸುಲಭದ ಹೊಡೆತ ತಪ್ಪಿದಾಗ ಅವನಿಗೆ ಸಿಟ್ಟು ಬರ್ಲಿಲ್ಲ. ಸಿಟ್ಟು ಬರದಿದ್ರೆ ಮನಸ್ಸು ಬೇರೆ ಕಡೆ ಉಂಟು ಅಂತ."

ಕಚೇರಿಗೆ ಚಾ ತರುತ್ತಿದ್ದ ಮುದುಕನನ್ನು ಒಂದು ಬೆಳಿಗ್ಗೆ ಮೆಟ್ಟಿಲಿನಲ್ಲೇ ತಡೆದು, "ನಿಮ್ಮ ಎಡಗಾಲು ನಿನ್ನೆಯಿಂದ ಎಳೀತಾ ಉಂಟು, ಚಾ ಇಲ್ಲಿ ಇಡಿ, ಮಣಿಪಾಲಕ್ಕೆ ಹೋಗಿ" ಎಂದು ಹೇಳಿ ರಿಕ್ಷಾ ಹತ್ತಿಸಿದ್ದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಆ ಮುದುಕ ಉಳಿದ. ಅಂದಿನಿಂದ ಕಚೇರಿಯವರು ಅವರ ಎದುರು ನಡೆಯಲು ಸ್ವಲ್ಪ ಅಂಜುತ್ತಿದ್ದರು.

ಕಾರ್ಕಳದ ಹುಡುಗನ ಹೆಸರು ಕೇಳಿಬಂದದ್ದು ನಾನು ಪತ್ರಿಕೆಗೆ ಸೇರಿದ ನಾಲ್ಕನೇ ವರ್ಷ. ಹುಡುಗ ಎಂದರೆ ಇಪ್ಪತ್ತನಾಲ್ಕರ ಯುವಕ. ತಂದೆ ಇಲ್ಲ, ತಾಯಿ ಕಾರ್ಕಳದ ಒಂದು ಶಾಲೆಯಲ್ಲಿ ಟೀಚರು. ಗಾಲ್ಫ್ ಕಲಿತದ್ದು ಮಂಗಳೂರಿನ ಕಡೆಯ ಮೈದಾನದಲ್ಲಿ. ಆ ಡಿಸೆಂಬರಿನಲ್ಲಿ ಅವನು ಅರ್ಹತಾ ಸುತ್ತು ದಾಟಿ, ಮುಂದಿನ ಋತುವಿನಲ್ಲಿ ಏಷ್ಯಾದ ದೊಡ್ಡ ಟೂರ್ನಿಗಳಲ್ಲಿ ಆಡಲು ಆಯ್ಕೆಯಾದ. ನಮ್ಮ ಕಡೆಯಿಂದ ಅಂಥದ್ದು ಯಾರಿಗೂ ಆಗಿರಲಿಲ್ಲ. ಊರಿನಲ್ಲಿ ಫ್ಲೆಕ್ಸು ಎದ್ದಿತು, ಸನ್ಮಾನಗಳಾದವು.

ಗಾಲ್ಫಣ್ಣ ಆ ಅರ್ಹತಾ ಸುತ್ತನ್ನು ನನ್ನ ಮೊಬೈಲಿನಲ್ಲಿ ಮೂರು ದಿನ ನೋಡಿದ್ದರು. ಮೂರನೇ ದಿನ ಫೋನು ವಾಪಸು ಕೊಡುವಾಗ ಮುಖ ಸಣ್ಣದಾಗಿತ್ತು. "ಮೊದಲ ದಿನ ಕುಳಿಯಿಂದ ಚೆಂಡನ್ನು ಬಗ್ಗಿ ತೆಗೆದ. ಎರಡನೇ ದಿನ ಕೋಲು ಊರಿ, ಒಂದು ಕಾಲು ಹಿಂದೆ ಎತ್ತಿ ತೆಗೆದ. ಇವತ್ತು ಕ್ಯಾಡಿಯಿಂದ ತೆಗೆಸಿದ" ಎಂದರು. 

ಆ ಜನವರಿಯ ಮುನ್ನೋಟವನ್ನು ಶುಕ್ರವಾರವೇ ಕೊಟ್ಟು, ಶನಿವಾರ ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದರು. ಕೊನೆಯಲ್ಲಿ ಇಷ್ಟಿತ್ತು: 'ಕಾರ್ಕಳದ ಆಟಗಾರ ಈ ವರ್ಷ ಆಡಬಾರದು. ಬೆನ್ನಿಗೆ ಒಂದು ವರ್ಷದ ವಿರಾಮ ಕೊಟ್ಟರೆ ಹತ್ತು ವರ್ಷ ಆಡಬಲ್ಲ. ಈಗಲೇ ಆಡಿದರೆ ಮಳೆಗಾಲಕ್ಕೆ ಮೊದಲು ನಿಲ್ಲಿಸಬೇಕಾಗುತ್ತದೆ. ಆಮೇಲೆ ಶುರು ಮಾಡಲಾಗುವುದಿಲ್ಲ.'

ಶನಿವಾರ ಹನ್ನೊಂದಕ್ಕೆ ಪುಟ ಮುಗಿಯಬೇಕು. ಹತ್ತೂವರೆಗೆ ಸಂಪಾದಕರು ನನ್ನ ಹಿಂದೆ ಬಂದು ನಿಂತು ಓದಿದರು.

"ಇದು ಎಂತ ಮಾರಾಯ್ತಿ? ಸಂಜೆ ಪೇಪರ್ ಕಾರ್ಕಳಕ್ಕೆ ಹೋಗ್ತದೆ. ನಮ್ಮ ಏಜೆಂಟ್ ಅಲ್ಲಿ ತಲೆ ಎತ್ತಿ ತಿರುಗ್ಲಿಕ್ಕೆ ಉಂಟಾ? ಆ ನಾಲ್ಕು ಸಾಲು ತೆಗಿ. ಜಾಗ ಖಾಲಿ ಬಿಡ್ಬೇಡ, ಎಂತಾದ್ರೂ ಒಳ್ಳೇದು ಬರಿ. ಬರೀಬೇಕು ಬರೀಬೇಕು ಅಂತ ಹೇಳ್ತಾ ಇರ್ತೀಯಲ್ಲ."

"ಅವರಿಗೆ ಒಂದು ಫೋನ್ ಮಾಡ್ಲಾ ಸರ್?"

"ಆಸ್ಪತ್ರೆಯಲ್ಲಿದ್ದಾರೆ. ಪಾಪ, ಯಾಕೆ ತೊಂದರೆ ಕೊಡುದು?"

ಫೋನು ಮೇಜಿನ ಮೇಲೆಯೇ ಇತ್ತು. ಸಂಪಾದಕರು ಒಳಗೆ ಹೋದ ಮೇಲೂ ಇತ್ತು. ನಾನು ಮಾಡಲಿಲ್ಲ. ಹೆದರಿಕೆಯಿಂದ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇರಲಿಲ್ಲ. ನಾಲ್ಕು ವರ್ಷ ಬೇರೆಯವರ ವಾಕ್ಯಗಳನ್ನು ಪುಟದ ಕಾಲಮ್ಮುಗಳಿಗೆ ಹೊಂದಿಸಿದವಳಿಗೆ ಅಂದು ಮೊದಲ ಸಲ ಸ್ವಂತದ ಎರಡು ವಾಕ್ಯ ಹಾಕಲು ಜಾಗ ಸಿಕ್ಕಿತ್ತು. ಬರೆದೆ: 'ಈ ಋತು ನಮ್ಮ ಕಾರ್ಕಳದ ಹುಡುಗನದು. ಒಂದಲ್ಲ, ಎರಡು ಕಪ್ ಅವನು ಮನೆಗೆ ಒಯ್ಯುತ್ತಾನೆ, ನೋಡುತ್ತಿರಿ.' ಮೇಲೆ ಅವರ ಹೆಸರು ಹಾಗೆಯೇ ಇತ್ತು. ಸಂಜೆ ಆ ಸಂಚಿಕೆಯನ್ನು ಶೆಡ್ಡಿಗೆ ತೆಗೆದುಕೊಂಡು ಹೋಗಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಆ ವರ್ಷ ಕಟ್ಟಡದ ಸಾರುವೆಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮಲಗಿದ್ದ. ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದ.

ಸೋಮವಾರ ಬೆಳಿಗ್ಗೆ ಗಾಲ್ಫಣ್ಣ ಕಪಾಟಿನ ಹತ್ತಿರ ನಿಂತು ಓದಿದರು. ಮತ್ತೊಮ್ಮೆ ಓದಿದರು. ನನ್ನನ್ನು ಕರೆದರು.

"ಇದು ನಿನ್ನದಲ್ವಾ?"

"ಸಂಪಾದಕರು ಹೇಳಿದ್ರು ಸರ್."

"ಹೇಳಿದ್ದು ಅವರು. ಬರೆದದ್ದು ನೀನು. ಈ 'ಒಯ್ಯುತ್ತಾನೆ' ಉಂಟಲ್ಲ, ಅದು ನನ್ನ ಕೈಗೆ ಬರುವ ಪದ ಅಲ್ಲ. ನಮ್ಮಲ್ಲಿ ಕೊಂಡುಹೋಗ್ತಾನೆ ಅಂತ ಹೇಳುದು." ಪತ್ರಿಕೆಯನ್ನು ಮಡಚಿದರು. "ವಾಕ್ಯ ಚೆನ್ನಾಗುಂಟು" ಎಂದರು.

ಆಮೇಲೆ ಸಂಪಾದಕರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಇವರು ತಿದ್ದುಪಡಿ ಹಾಕಿ ಎಂದರು. ಸಂಪಾದಕರು, "ಹಾಕುವ. ಆದ್ರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಬರೆದದ್ದು ಅಂತ ಹೊರಗೆ ಗೊತ್ತಾದ್ರೆ ಮಾಲೀಕರು ಬಿಡುದಿಲ್ಲ. ಪುಟ ಕಟ್ಟಿದವಳನ್ನು ಇವತ್ತೇ ಕಳಿಸ್ಬೇಕಾಗ್ತದೆ. ನೀವೇ ಹೇಳಿ" ಎಂದರು. ಇವರು ತಿದ್ದುಪಡಿಯ ಮಾತನ್ನು ಅಲ್ಲಿಗೇ ಬಿಟ್ಟರು. ಹೊರಗೆ ಬಂದವರು ನನ್ನ ಕಡೆ ನೋಡದೆ ಕೊಡೆ ತೆಗೆದುಕೊಂಡು ಕಾರ್ಕಳದ ಬಸ್ಸಿಗೆ ಹೋದರು.

ವಾಪಸು ಬಂದಾಗ ನಾಲ್ಕು ಗಂಟೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೋಗುವಾಗಲೂ ಬರುವಾಗಲೂ ನಿಂತೇ ಪ್ರಯಾಣ ಮಾಡಿದ್ದರು.

"ಹೇಳಿದ್ರಾ ಸರ್?"

"ಹೇಳಿದೆ."

"ಅವರು ಎಂತ ಹೇಳಿದ್ರು?"

"ಚಾ ಕೊಟ್ರು." ನೀರು ಕುಡಿದರು. "ಕೇಳ್ಲಿಕ್ಕಿಲ್ಲ."

ಅಷ್ಟೇ. ಎಲ್ಲವನ್ನೂ ಹೇಳಿರುತ್ತಾರೆ, ಆ ಸಾಲು ತಾನು ಬರೆದದ್ದಲ್ಲ ಎಂದೂ ಹೇಳಿರುತ್ತಾರೆ ಎಂದು ನಾನು ತಿಳಿದುಕೊಂಡೆ. ಹೇಳಿದರೂ ಕೇಳದಿದ್ದರೆ ಯಾರೇನು ಮಾಡಲಾಗುತ್ತದೆ?

ಮೇ ತಿಂಗಳಲ್ಲಿ, ಹೊರದೇಶದ ಒಂದು ಟೂರ್ನಿಯ ಎರಡನೇ ದಿನ, ಕಾರ್ಕಳದ ಹುಡುಗ ಚೆಂಡು ಹೊಡೆದವನು ಹಾಗೆಯೇ ಮಂಡಿಯೂರಿದ. ಎದ್ದು ನಿಲ್ಲಲಾಗಲಿಲ್ಲ. ಬೆನ್ನುಮೂಳೆಯ ಡಿಸ್ಕ್ ಒಂದು ಒಡೆದು ನರವನ್ನು ಒತ್ತಿಬಿಟ್ಟಿತ್ತು. ಎರಡು ಶಸ್ತ್ರಚಿಕಿತ್ಸೆಯಾಯಿತು. ನೋವು ಹೋಯಿತು, ಎಡಪಾದದ ಶಕ್ತಿ ಬರಲಿಲ್ಲ. ಸಂಪಾದಕರು, "ನಿಮ್ಮದು ಕರಿನಾಲಿಗೆ ಮಾರಾಯ್ರೆ" ಎಂದರು. ತಮಾಷೆಯ ದನಿಯಲ್ಲಿಯೇ ಹೇಳಿದ್ದು. ಗಾಲ್ಫಣ್ಣ ಸುದ್ದಿಯನ್ನು ಐದು ಸಾಲಿನಲ್ಲಿ ಬರೆದು ಕೊಟ್ಟು, ಹೆಸರು ಹಾಕಬೇಡ ಎಂದರು. ನಾನು ಅದನ್ನು ಪುಟದ ಕೆಳಗೆ ಒಂದು ಕಾಲಮ್ಮಿಗೆ ಹಾಕಿದೆ.

ಮುಂದಿನ ಜನವರಿಯಲ್ಲಿ ಮುನ್ನೋಟ ಬರಲಿಲ್ಲ. ಮಾಲೀಕರು ಖುದ್ದಾಗಿ ಕೇಳಿದಾಗ, "ನನಗೆ ಈಗ ಅಷ್ಟು ಕಾಣುದಿಲ್ಲ" ಎಂದರಂತೆ. ಅದು ಸುಳ್ಳು. ಟಿವಿಯ ಮುಂದೆ ನಿಂತಿರುತ್ತಿದ್ದರು, ಕಾಣುತ್ತಿತ್ತು, ಬರೆಯುತ್ತಿರಲಿಲ್ಲ. ಮತ್ತೊಂದು ವರ್ಷಕ್ಕೆ ಪತ್ರಿಕೆಯೇ ಮುಚ್ಚಿತು. ಅವರು ಕಾಪುವಿಗೆ ಹೋಗಿ ಅಕ್ಕನ ಮನೆ ಸೇರಿದರು.

ಕಳೆದ ವರ್ಷದ ಕೊನೆಯಲ್ಲಿ ಅಕ್ಕನ ಫೋನು ಬಂತು. ಮಣಿಪಾಲದ ಆಸ್ಪತ್ರೆಯಲ್ಲಿದ್ದಾರೆ ಎಂದು. ಕ್ಯಾನ್ಸರ್. ಬೇರೆಲ್ಲೋ ಶುರುವಾಗಿ ಬೆನ್ನುಮೂಳೆಗೆ ಹಬ್ಬಿತ್ತು. ಇಪ್ಪತ್ತೈದು ವರ್ಷದ ಹಳೆಯ ನೋವೇ ಹೆಚ್ಚಾಗಿದೆ ಎಂದುಕೊಂಡು ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡಿದ್ದರು. ಅವರು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಉದ್ದನೆಯ ಮನುಷ್ಯ ಎಂಬುದು ಆಗ ಗೊತ್ತಾಯಿತು, ಕಾಲು ಮಂಚದ ಆಚೆ ಬಂದಿತ್ತು.

"ಎಷ್ಟು ಜನರ ಬೆನ್ನು ನೋಡಿದೆ" ಎಂದರು. "ನಮ್ಮದು ನಮಗೆ ಕಾಣುದಿಲ್ಲ ಅಲ್ವಾ."

ಜನವರಿಯ ಎರಡನೇ ವಾರ ಹೋದಾಗ ಹೊಸ ಋತುವಿನ ಮೊದಲ ಟೂರ್ನಿ ನಡೆಯುತ್ತಿತ್ತು. ಮೊಬೈಲಿನಲ್ಲಿ ಹಾಕಿ ಎದುರು ಹಿಡಿದೆ. ದನಿ ತೆಗೆ ಎಂದು ಬೆರಳಿನಲ್ಲಿ ತೋರಿಸಿದರು. ಬಹಳ ಹೊತ್ತು ನೋಡಿದರು. ಬಿಳಿ ಟೋಪಿಯ ಒಬ್ಬ ಆಟಗಾರ ನಗುತ್ತ ಜನರಿಗೆ ಕೈ ಎತ್ತುತ್ತಿದ್ದ. "ಇವ ಈ ಸೀಸನ್ ಮುಗಿಸುದಿಲ್ಲ" ಎಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ" ಎಂದರು. ಕೈಯಲ್ಲಿ ಬಿಸಿ ಇರಲಿಲ್ಲ.

"ಸರ್, ಆ ಕಾರ್ಕಳದ ವಿಷಯ..."

"ನೀರು ಕೊಡು" ಎಂದರು. ಎರಡು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. ನಾನು ಹೊರಡುವವರೆಗೂ ತೆರೆಯಲಿಲ್ಲ. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತು. ಹನ್ನೆರಡು ದಿನದ ಮೇಲೆ ತೀರಿಕೊಂಡರು.

ಬೊಜ್ಜದ ದಿನ ಕಾಪುವಿಗೆ ಹೋದೆ. ಅಂಗಳದಲ್ಲಿ ಚಪ್ಪರ, ನಲವತ್ತು ಐವತ್ತು ಜನ. ಗೇಟಿನಿಂದ ಒಬ್ಬ ಒಳಗೆ ಬರುವುದು ಕಂಡಿತು. ಎಡ ಮಂಡಿಯನ್ನು ಅಗತ್ಯಕ್ಕಿಂತ ಮೇಲೆ ಎತ್ತಿ ಪಾದವನ್ನು ನೆಲಕ್ಕೆ ಹೊಡೆದಂತೆ ಇಡುತ್ತಿದ್ದ. ಮುಖ ನೋಡದೆಯೇ ಯಾರೆಂದು ತಿಳಿಯಿತು. ಫೋಟೋಗೆ ಹೂ ಹಾಕಿ, ಅಕ್ಕನಿಗೆ ಕೈಮುಗಿದು, ತೆಂಗಿನ ಮರದ ಬುಡಕ್ಕೆ ಬಂದು ನಿಂತ. ನಾನು ಅಲ್ಲಿಯೇ ಇದ್ದೆ.

"ನೀವು ಅವರ ಸಂಬಂಧಿಕರಾ?" ಎಂದು ಕೇಳಿದ.

"ಅಲ್ಲ. ಪೇಪರಿನಲ್ಲಿ ಅವರ ಜೊತೆ ಇದ್ದೆ."

"ಓ." ಮರಕ್ಕೆ ಕೈ ಊರಿಕೊಂಡ. "ಅಮ್ಮ ಬರುದಿಲ್ಲ ಹೇಳಿದ್ರು. ಅವರು ಬಂದು ಬಾಯಿ ಹಾಕಿದ್ದಕ್ಕೇ ಹೀಗಾದದ್ದು ಅಂತ ಅಮ್ಮನಿಗೆ ಈಗಲೂ ಉಂಟು. ನನಗೆ ಹಾಗೆ ಇಲ್ಲ."

"ಅವರು ಮನೆಗೆ ಬಂದಾಗ ನೀವಿದ್ರಾ?"

"ಬಾಗಿಲು ತೆಗೆದದ್ದೇ ನಾನು. ಅವರು ನನ್ನನ್ನು ನೋಡಿ, ಬೆಳಿಗ್ಗೆ ಏಳುವಾಗ ಎಡ ಹೆಬ್ಬೆರಳು ಜೋಮು ಹಿಡೀತದಲ್ವಾ ಕೇಳಿದ್ರು. ಅದನ್ನು ನಾನು ಯಾರಿಗೂ ಹೇಳಿರ್ಲಿಲ್ಲ, ಅಮ್ಮನಿಗೂ. ನನಗೆ ಹೆದರಿಕೆ ಆಯ್ತು. ಒಂದು ವರ್ಷ ಬಿಡುವ ಅಂತಲೇ ಕಂಡಿತು, ಅಲ್ಲಿ ನಿಂತಲ್ಲಿಯೇ. ಆಗ ಮಧ್ಯಾಹ್ನದ ಊಟಕ್ಕೆ ಶಾಲೆಯಿಂದ ಬಂದಿದ್ದ ಅಮ್ಮ ಒಳಗಿಂದ ಪೇಪರ್ ತಂದ್ರು. ಮೊನ್ನೆ ಹೀಗೆ ಬರೆದು ಇವತ್ತು ಹೀಗೆ ಹೇಳ್ತೀರಲ್ಲ, ಇದು ನೀವು ಬರೆದದ್ದು ಹೌದಾ ಅಲ್ವಾ, ಅಷ್ಟು ಹೇಳಿ ಅಂದ್ರು."

"ಅವರು ಎಂತ ಹೇಳಿದ್ರು?"

"ನಾನೇ ಬರೆದದ್ದು, ತಪ್ಪು ಬರೆದೆ, ಅಂದ್ರು." ಅವನು ಚಪ್ಪರದ ಕಡೆ ನೋಡುತ್ತಿದ್ದ. "ಎರಡು ದಿನದಲ್ಲಿ ಮಾತು ಬದಲಿಸುವವರನ್ನು ನಂಬಿ ಮನೆಯಲ್ಲಿ ಕೂತುಕೊಳ್ಳುದಾ ಅಂತ ಅಮ್ಮ ಕೇಳಿದ್ರು. ನನಗೂ ಅದು ಸರಿ ಕಂಡಿತು. ಅವರು ಚಾ ಕುಡಿದು ಹೋದ್ರು. ಗೇಟಿನ ಹತ್ತಿರ ತಿರುಗಿ ನಿಂತ್ರು. ಇನ್ನೂ ಎಂತದೋ ಹೇಳ್ತಾರೆ ಅಂತ ಕಂಡಿತು. ಹೇಳ್ಲಿಲ್ಲ."

ನಾನು ಹೇಳಿದೆ. ಶನಿವಾರ, ಹತ್ತೂವರೆ, ನಾಲ್ಕು ಸಾಲು, ಎರಡು ವಾಕ್ಯ, ಮೇಜಿನ ಮೇಲಿದ್ದ ಫೋನು, ಸಂಪಾದಕರ ಕೋಣೆಯಲ್ಲಿ ನಡೆದ ಮಾತು. ಏನನ್ನೂ ಬಿಡದೆ ಹೇಳಿದೆ. 

"ನೀವು ಬರೆದದ್ದು ಅಂತ ಅವರಿಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಹೋಗ್ತಿತ್ತು."

"ಒಂದು ಕೆಲಸ" ಎಂದ. ತನ್ನ ಎಡಪಾದದ ಕಡೆ ನೋಡಿಕೊಂಡ.

ಅಷ್ಟರಲ್ಲಿ ಅಕ್ಕ ಎಲೆ ಹಾಕಿದ್ದಾರೆಂದು ಕರೆದರು. ಕಾರ್ಕಳದವನು ಬಸ್ಸಿಗೆ ಹೊತ್ತಾಯಿತೆಂದು ಕೈಮುಗಿದ. ಅಕ್ಕ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಅಂಗಳದ ಮರಳಿನಲ್ಲಿ ಅವನ ಪಾದ ಬೀಳುವ ಸದ್ದು ಗೇಟಿನವರೆಗೂ ಕೇಳಿತು, ರಸ್ತೆಗೆ ಹೋದ ಮೇಲೂ ಸ್ವಲ್ಪ ಕೇಳಿತು.

ಅವರ ಸುಳ್ಳು ಉಳಿಸಿಕೊಟ್ಟ ಸಂಬಳದಲ್ಲಿ ಎರಡು ವರ್ಷ ಉಂಡವಳು ನಾನು, ಕೊನೆಯ ಸಾಲಿನಲ್ಲಿ ಕುಳಿತೆ. ಅಕ್ಕ ತಾನೇ ಬಂದು ಬಡಿಸಿದರು, ಇನ್ನೂ ಸ್ವಲ್ಪ ಹಾಕ್ತೇನೆ ಎಂದರು. ಬೇಡ ಎನ್ನಲಿಲ್ಲ. ಹಾಕಿದ್ದನ್ನೆಲ್ಲ ಎಲೆಯಲ್ಲಿ ಒಂದು ಅಗುಳೂ ಉಳಿಸದೆ ಉಂಡೆ.